ಚಿಲ್ಲರೆ ಬಾಕಿ

ಕಂಪನಿಯ ಹೆಸರು ಬದಲಾಗಿ ಇಷ್ಟು ವರ್ಷವಾದರೂ
ಅಗ್ರಹಾರ ದಾಸರಹಳ್ಳಿಯ ಈ ಅಡ್ಡರಸ್ತೆಯಲ್ಲಿ
ನಾನಿನ್ನೂ ಕೆಇಬಿಯವಳು.
ಗೇಟು ತಟ್ಟಿದರೆ ನಾಯಿಗೂ ಗೊತ್ತು
ಇವತ್ತು ಎಷ್ಟನೇ ತಾರೀಖು ಅಂತ.

ಉಳಿದ ಮನೆಗಳ ಮೀಟರಿಗೆ ಒಂದೇ ದಾರಿ.
ಗಂಗಹನುಮಯ್ಯನವರದಕ್ಕೆ ಎರಡು:
ಒಳಗೆ ಬಂದದ್ದು, ಹೊರಗೆ ಹೋದದ್ದು.
ಗುಂಡಿ ಒತ್ತುತ್ತಾ ಕಾಯಬೇಕು
ಒಂದಾದ ಮೇಲೊಂದು ಅಂಕಿ ಬರುವ ತನಕ.
ಅಷ್ಟರಲ್ಲಿ ಅವರು ಬನಿಯನ್ನಲ್ಲೇ ಇಳಿದು ಬಂದಿರುತ್ತಾರೆ,
ಕಿವಿಗೆ ಸಿಕ್ಕಿಸಿದ ಪೆನ್ನಿನ ಸಮೇತ.

ಮೂವತ್ತೊಂದು ವರ್ಷ ಸಿಟಿ ಬಸ್ಸಿನ ಕಂಡಕ್ಟರು.
ಟಿಕೆಟ್ಟಿನ ಬೆನ್ನಿಗೆ ಬಾಕಿ ಗೀಚಿ ಕೊಟ್ಟದ್ದೆಷ್ಟೋ,
ಇಳಿಯುವಾಗ ಕೇಳಲು ಮರೆತವರೆಷ್ಟೋ.
ರಿಟೈರಾದ ದುಡ್ಡಲ್ಲಿ ತಾರಸಿಗೆ
ಎಂಟು ಕರಿ ಹಲಗೆ ಹಾಸಿಸಿದರು.
ನಾನು ಕೊಟ್ಟ ಬಿಲ್ಲನ್ನು ಹಿಂದುಮುಂದು ತಿರುಗಿಸಿ ನಗುತ್ತಾರೆ:
“ಈಗ ನೋಡಮ್ಮ, ಕಂಪನಿಯೇ ನನಗೆ ಚಿಲ್ಲರೆ ಬಾಕಿ.
ಬರಕೊಡು. ನಾನು ಮರೆಯೋ ಪ್ಯಾಸೆಂಜರ್ ಅಲ್ಲ.”

ಅದಕ್ಕಾಗಿ ಅಲೆದದ್ದು ಬೇರೆ ಕಥೆ.
ಅರ್ಜಿ, ಮತ್ತೆ ಜೆರಾಕ್ಸು, ಖಾತೆ ಇನ್ನೂ ಅಪ್ಪನ ಹೆಸರಲ್ಲಿ,
ಸಾಹೇಬರು ಸೈಟಿಗೆ, ಸಾಹೇಬರು ಮೀಟಿಂಗಿಗೆ,
ಮೀಟರು ಸ್ಟಾಕಿಲ್ಲ.
ನಾಲ್ಕು ತಿಂಗಳು ಸೂರ್ಯ ದಿನಾ ಬಂದು ಹೋದ,
ಸಹಿ ಬರಲಿಲ್ಲ.
ಇದನ್ನು ನಾನು ಹೇಳಬಾರದು. ನನ್ನದೂ ಅದೇ ಆಫೀಸು.

ಹೋದ ಏಪ್ರಿಲ್ಲಿನ ಒಂದು ನಡುಮಧ್ಯಾಹ್ನ ಕರೆಂಟು ಹೋಯಿತು.
ತಾರಸಿಯ ಮೇಲೆ ಕಾಲಿಡಲಾಗದ ಬಿಸಿಲು,
ಕೆಳಗೆ ಅವರ ಫ್ಯಾನೂ ನಿಂತಿತು.
“ಇದ್ಯಾವ ನ್ಯಾಯ?” ಅಂದರು.
ಕಂಬದ ಮೇಲೆ ಒಬ್ಬ ಇರುತ್ತಾನೆ, ಸಾರ್, ಅಂದೆ.
ಸತ್ತ ತಂತಿ ಎಂದುಕೊಂಡು ಬರಿಗೈಲಿ ಹಿಡಿದಿರುತ್ತಾನೆ.
ನಿಮ್ಮ ಮನೆಯಿಂದ ಹೊರಟ ಬಿಸಿಲು
ಅವನನ್ನು ಮುಟ್ಟಬಾರದಲ್ಲ, ಅದಕ್ಕೇ.
ಬಹಳ ಹೊತ್ತು ಸುಮ್ಮನಿದ್ದರು.
“ಹೂಂ. ಫುಟ್‌ಬೋರ್ಡಲ್ಲಿ ಒಬ್ಬ ಜೋತಾಡ್ತಿದ್ರೂ
ನಾನು ರೈಟ್ ಅಂದೋನಲ್ಲ.”

ಆಷಾಢದಿಂದೀಚೆಗೆ ಹೊರಗೆ ಹೋದ ಅಂಕಿ ಸೊರಗುತ್ತಿದೆ.
ಇನ್ನೂರ ಹತ್ತು. ನೂರ ಅರವತ್ತು. ತೊಂಬತ್ತೆಂಟು.
ಮೋಡ ಅಂದುಕೊಂಡಿದ್ದೆ.
“ಮೋಡ ಅಲ್ಲ,” ಪಡುವಣಕ್ಕೆ ಬೆರಳು ತೋರಿಸಿದರು:
ಪಕ್ಕದ ಸೈಟು, ಕೃಪಾಕರನದು,
ಬಾಡಿಗೆ ಮನೆಗಳು, ಆಗಲೇ ನಾಲ್ಕನೇ ಮಹಡಿ.
ಎರಡೂವರೆಗೇ ನೆರಳು ಮೊದಲ ಹಲಗೆ ಹತ್ತುತ್ತದೆ,
ನಾಲ್ಕಕ್ಕೆ ಎಂಟೂ ಫುಲ್.
“ಟಿಕೆಟ್ ಇಲ್ಲದ ಪ್ಯಾಸೆಂಜರು.
ಇಳಿಸೋಕೆ ಬರಲ್ಲ.”

ನನಗೆ ಗೊತ್ತಿರುವ ಒಂದು ಮಾತು ಅವರಿಗೆ ಹೇಳಿಲ್ಲ.
ತಂತಿಗೆ ಬಿದ್ದ ಕರೆಂಟು ದೂರ ಹೋಗುವುದಿಲ್ಲ,
ಹಸಿದ ಮೊದಲ ಬಾಗಿಲಿಗೇ ಇಳಿದುಬಿಡುತ್ತದೆ.
ಈ ವರ್ಷವೆಲ್ಲ ಹಸಿದು ಕೂತಿದ್ದು ಪಕ್ಕದ ಸೈಟೇ:
ಕಂಬಿ ಕತ್ತರಿಸುವ ಮೆಷಿನ್ನು,
ಹಸಿ ಕಾಂಕ್ರೀಟನ್ನು ನಡುಗಿಸುವ ಮೆಷಿನ್ನು,
ಪಿಲ್ಲರಿಗೆ ಸುತ್ತಿದ ಗೋಣಿಗೆ ಮೂರು ಹೊತ್ತು ನೀರೆತ್ತುವ ಪಂಪು.
ಇವರ ಮಧ್ಯಾಹ್ನವೇ ಅಲ್ಲಿ ಮಹಡಿ ಮಹಡಿಯಾಗಿ ಎದ್ದು
ಇವರ ಮಧ್ಯಾಹ್ನಕ್ಕೆ ಅಡ್ಡ ನಿಂತಿತು.

ನನ್ನ ಕೈಯ ಯಂತ್ರದಲ್ಲಿ ಇದಕ್ಕೆ ಕಾಲಂ ಇಲ್ಲ.

ಇವತ್ತು ಬಿಲ್ಲು ಹರಿದು ಕೊಟ್ಟೆ.
ಮೊದಲ ಸಲ, ಅವರೇ ಕಟ್ಟಬೇಕು: ನಲವತ್ತಾರು ರೂಪಾಯಿ.
ಕಿವಿಯ ಪೆನ್ನು ತೆಗೆದು ಅದರ ಬೆನ್ನಿಗೆ ಏನೋ ಬರೆದು
ಲುಂಗಿಯ ಮಡಿಕೆಗೆ ಸಿಕ್ಕಿಸಿದರು.
“ಬೆಳಗಿನ ಬಿಸಿಲು ಇದೆಯಲ್ಲ,” ಅಂದರು,
“ಫಸ್ಟ್ ಟ್ರಿಪ್ ಖಾಲಿನೇ ಓಡಿಸಿದ್ದು ಎಷ್ಟು ಸಲವೋ.
ಬಸ್ಸು ಅಂತೂ ಬಿಟ್ಟಿದ್ವಿ.”

ಆಚೆ ಯಾರೋ ಪಂಪು ಹಾಕಿದರು.
ಮೀಟರಿನ ಕೆಂಪು ಚುಕ್ಕಿ ಮಿಣುಕಿತು,
ಒಳಕ್ಕೋ ಹೊರಕ್ಕೋ, ನೋಡಲು ನಿಲ್ಲಲಿಲ್ಲ.
ಮುಂದಿನ ಮನೆಗೆ ಬೀಗ ಹಾಕಿತ್ತು.